ಒಂದು ಟೇಪು ಹಿಂದಿರುವ ಗಡಿಯಾರ

ಏಪ್ರಿಲ್ 27, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ. ಬಲಗೈ ಮಣಿಕಟ್ಟು ಮುರಿದಿದೆ. ಬಚ್ಚಲಿನ ಗವಾಕ್ಷಿಗೆ ನನ್ನ ಉಪಗ್ರಹ ಗಡಿಯಾರದ ಆಂಟೆನಾ ಕಟ್ಟಲು ಸ್ಟೂಲು ಹತ್ತಿದ್ದೆ. ಸ್ಟೂಲು ಜಾರಿತು. ಆಂಟೆನಾಕ್ಕೆ ಏನೂ ಆಗಿಲ್ಲ, ಪುಣ್ಯ. ಆರು ವಾರ ಪ್ಲಾಸ್ಟರು.

ಏಪ್ರಿಲ್ 29, ಬುಧವಾರ

ನಮ್ಮ ಲ್ಯಾಬಿನ ಹಲ್ಲಿನ ಡಾಕ್ಟರು ಫೋನು ಮಾಡಿದ್ದರು. ಲ್ಯಾಬಿನಲ್ಲಿ ಹಲ್ಲಿನ ಸೆಟ್ಟುಗಳು ಸಾಲುಗಟ್ಟಿ ಕೂತಿವೆಯಂತೆ, ಇಷ್ಟು ವರ್ಷ ಊರಿಗೆಲ್ಲ ಹಲ್ಲು ಮಾಡಿಕೊಟ್ಟ ಕೈ ಈಗಲೇ ಮುರಿಯಬೇಕಿತ್ತಾ ಅಂದರು. ನಾನೇನು ಬೇಕಂತ ಬಿದ್ದೆನೇ?

ಮಾವ ಅಡುಗೆ ಮಾಡಿದರು. ಉಪ್ಪು ಎರಡು ಸಲ ಹಾಕಿದ್ದರು. ತುಟಿಪಿಟಿಕ್ಕೆನ್ನದೆ ತಿಂದೆ. ಕೈ ನೋಯುತ್ತಿದೆ, ಸಾಕು.

ಮೇ 2, ಶನಿವಾರ

ಒಳ್ಳೆ ಸುದ್ದಿ. ನಾದಿನಿ ಫೋನು ಮಾಡಿದ್ದಳು. ಜೂನ್ ಹದಿನಾಲ್ಕು, ಭಾನುವಾರ, ಬಂದು ಅವರಪ್ಪನನ್ನು, ಅಂದರೆ ನನ್ನ ಮಾವನನ್ನು, ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಅವಳದು ನೆಲಮಹಡಿ, ಮೆಟ್ಟಿಲ ತಾಪತ್ರಯವಿಲ್ಲ, ಕೋಣೆಗೆ ಬಣ್ಣವನ್ನೂ ಹೊಡೆಸಿದ್ದಾಳೆ. ನಿಮಗೂ ಹಗುರ, ಅಪ್ಪನಿಗೂ ಹಗುರ ಅಂದಳು. ಬೇಡ ಅನ್ನಲು ನನಗೇನು ಹುಚ್ಚೇ?

ಮಾವ ಕೆಟ್ಟವರೇನಲ್ಲ, ಅದನ್ನು ಹೇಳಲೇಬೇಕು. ಆದರೆ ನಮ್ಮವರು ಹಡಗಿನ ಎಂಜಿನ್ ಕೋಣೆಯಲ್ಲಿ ವರ್ಷಕ್ಕೆ ಎಂಟು ತಿಂಗಳು ಕಳೆಯುತ್ತಾರೆ, ಇಲ್ಲಿ ಎರಡನೇ ಮಹಡಿಯ ಮನೆಯಲ್ಲಿ ನಾನೂ ಮಾವನೂ ಎದುರುಬದುರು. ಅವರು ನಲವತ್ತು ವರ್ಷ ಟೈಲರು. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಹೇಳಿದ ದಿನ ಕೊಡುವುದರಲ್ಲಿ ಮಾತ್ರ ಕೈ ಎತ್ತಿಬಿಟ್ಟವರು. ಯಾರು ಬಂದು ಕೇಳಿದರೂ 'ಮುಂದಿನ ವಾರ ಬನ್ನಿ' ಅಂತ ಒಂದೇ ಮಾತು. ಮದುವೆಗೆಂದು ಅಳತೆ ಕೊಟ್ಟ ಕೋಟನ್ನು ಮಗುವಿನ ಹುಟ್ಟುಹಬ್ಬಕ್ಕೆ ಹಾಕಿಕೊಂಡವರು ಈ ಊರಲ್ಲಿದ್ದಾರೆ. ಅಂಥವರ ಜೊತೆ, ಸೆಕೆಂಡನ್ನು ಕೋಟಿ ಚೂರು ಮಾಡಿ ಎಣಿಸುವ ನಾನು. ಹೇಗೆ ಹೊಂದಬೇಕು?

ಇನ್ನು ಆ ಕಿಟಕಿ. ಮಾವನದು ಮೂಲೆಯ ಕೋಣೆ, ಎದುರಿಗೆ ಒಂದೂ ಕಟ್ಟಡವಿಲ್ಲ, ಹೊರಗೆ ಅಗಲವಾದ ಸಜ್ಜಾ ಬೇರೆ. ಅಲ್ಲಿ ಆಂಟೆನಾ ಇಟ್ಟರೆ ಆಕಾಶದ ಅರ್ಧಕ್ಕಿಂತ ಹೆಚ್ಚು ಕಾಣುತ್ತದೆ. ನನ್ನ ಬಚ್ಚಲಿನ ಗವಾಕ್ಷಿಗೆ ನಾಲ್ಕೈದು ಉಪಗ್ರಹ ಸಿಕ್ಕಿದರೆ ಅದೇ ಹೆಚ್ಚು. ಎರಡು ವರ್ಷದಿಂದ ಆ ಕಿಟಕಿಯ ಮೇಲೆ ಕಣ್ಣಿಟ್ಟಿದ್ದೇನೆ. ಜೂನ್ ಹದಿನೈದಕ್ಕೆ ಅದು ನನ್ನದು.

ಎಡಗೈ ಸೋತಿತು. ಆದರೂ ಇಷ್ಟು ಬರೆದೆನಲ್ಲ.

ಮೇ 5, ಮಂಗಳವಾರ

ಇವತ್ತು ಮಾವ ನನ್ನ ಮೇಜಿನ ಹತ್ತಿರ ಬಂದು ನಿಂತು, ಪರದೆಯ ಮೇಲಿನ ಗೆರೆ ಏನು ಅಂತ ಕೇಳಿದರು. ಇಷ್ಟು ದಿನ ಕೇಳದವರು. ಪ್ಲಾಸ್ಟರು ಹಾಕಿದವಳ ಮೇಲೆ ಕನಿಕರ ಇರಬೇಕು.

ಹೇಳಿದೆ. ಮೇಲಿಂದ ಉಪಗ್ರಹಗಳು ಸಮಯ ಕಳಿಸುತ್ತಲೇ ಇರುತ್ತವೆ. ಹಳೇ ಮೊಬೈಲ್ ಟವರಿನಿಂದ ಕಿತ್ತ ನನ್ನ ಈ ರಿಸೀವರು ಅದನ್ನು ಹಿಡಿದು ಸೆಕೆಂಡಿಗೊಂದು ಸಲ ಟಿಕ್ ಅನ್ನುತ್ತದೆ. ಆ ಟಿಕ್ಕಿಗೂ ನನ್ನ ಪೆಟ್ಟಿಗೆಯೊಳಗಿನ ಗಡಿಯಾರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ಈ ಗೆರೆ. ಗೆರೆ ನೆಟ್ಟಗಿದ್ದರೆ ನನಗೆ ಊಟ ರುಚಿಸುತ್ತದೆ.

ಹಾಗಾದರೆ ಮಧ್ಯಾಹ್ನದ ಹೊತ್ತಿಗೆ ಈ ಗುಡ್ಡೆ ಯಾಕೆ ಅಂತ ಬೆರಳಿಟ್ಟು ಕೇಳಿದರು. ಅದು ನೀವೇ ಅಂದೆ. ದಿನಾ ಊಟವಾದ ಮೇಲೆ ಅವರು ಹೊಲಿಗೆ ಮೆಷಿನ್ ಹಾಕಿದ ಕೂಡಲೇ ಅದರ ಮೋಟರಿನಿಂದ ನನ್ನ ಗೆರೆಗೆ ಗುಡ್ಡೆ ಏಳುತ್ತದೆ. ಎರಡು ವರ್ಷದ ಗುಡ್ಡೆಗಳೆಲ್ಲ ಕಂಪ್ಯೂಟರಿನಲ್ಲಿವೆ. ತೋರಿಸಿದೆ. ಬೇಜಾರಾಗಲಿ ಅಂತಲೇ ತೋರಿಸಿದ್ದು, ಸುಳ್ಳೇಕೆ. ಆದರೆ ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ ಹಿಗ್ಗಿಬಿಟ್ಟರು. ಇದು ಆ ನೀಲಿ ಕೋಟಿನ ತೋಳಿರಬೇಕು, ದೊಡ್ಡದಿದೆ ಅಂದರು. ಇಂಥವರಿಗೆ ಏನು ಹೇಳುವುದು?

ಮೇ 9, ಶನಿವಾರ

ಗ್ರಹಚಾರ. ಸಮಯದ ಹುಚ್ಚರ ಗುಂಪಿನಲ್ಲಿ, ನಾವೆಲ್ಲ ಮೈಕ್ರೋ ಅಂತ ಕರೆಯುವ ಮಹಾಶಯ ಒಂದು ಸಂದೇಶ ಹಾಕಿದ್ದಾನೆ. ನನ್ನ ಹತ್ತಿರ ಇರುವ ಮಾದರಿಯ ರಿಸೀವರುಗಳೆಲ್ಲ ಜೂನ್ ಏಳರ ಬೆಳಿಗ್ಗೆ ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗುತ್ತವಂತೆ. ಇಂಥದ್ದೊಂದು ಬರುತ್ತದೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.

ನನ್ನ ಮುಖ ನೋಡಿ ಮಾವ ಏನಾಯಿತು ಅಂದರು. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಅವರ ಕೊರಳಲ್ಲಿದ್ದ ಅಳತೆ ಟೇಪನ್ನೇ ಎಳೆದುಕೊಂಡೆ. ನೋಡಿ ಮಾವ, ಉಪಗ್ರಹ ತಾರೀಖು ಕಳಿಸುವುದಿಲ್ಲ, ಇದು ಎಷ್ಟನೇ ವಾರ ಅಂತ ಮಾತ್ರ ಕಳಿಸುತ್ತದೆ. ಅದರ ಟೇಪಿನಲ್ಲಿ ಇರುವುದೇ ಸಾವಿರದ ಇಪ್ಪತ್ನಾಲ್ಕು ವಾರ. ಮುಗಿದ ಮೇಲೆ ಮತ್ತೆ ಸೊನ್ನೆಯಿಂದ. ಇದು ಎಷ್ಟನೇ ಟೇಪು ಅನ್ನುವುದನ್ನು ಕೆಳಗಿರುವ ಯಂತ್ರವೇ ನೆನಪಿಟ್ಟುಕೊಳ್ಳಬೇಕು. ನನ್ನ ಯಂತ್ರ ಮಾಡಿದವರು ಒಂದು ಗಡುವಿನ ತನಕ ಸರಿಯಾಗಿ ಎಣಿಸುವಂತೆ ಮಾಡಿಟ್ಟಿದ್ದರು. ಆ ಗಡುವು ಜೂನ್ ಏಳಕ್ಕೆ ಮುಗಿಯುತ್ತದೆ.

ಅವರು ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಲ್ಲಗೆ ಸುತ್ತಿದರು. ಉದ್ದದ ಪರದೆ ಬಟ್ಟೆ ಅಳೆಯುವಾಗ ತಾವೂ ಒಂದೊಂದು ಟೇಪಿಗೆ ಒಂದೊಂದು ಬೆರಳು ಮಡಚುತ್ತಿದ್ದರಂತೆ. ಮಾತಿನ ಮಧ್ಯೆ ಬೆರಳು ಬಿಚ್ಚಿಹೋಗಿ ಒಬ್ಬರ ಮನೆಯ ಪರದೆ ಮೊಣಕಾಲಿಗೇ ನಿಂತಿತ್ತಂತೆ. ಹಾಗಾದರೆ ಅದು ಹೇಳುವ ಗಂಟೆ ತಪ್ಪಾಗುತ್ತದಾ ಅಂತ ಕೇಳಿದರು. ಇಲ್ಲ, ಸೆಕೆಂಡೂ ಸರಿ, ವಾರವೂ ಸರಿ, ಭಾನುವಾರ ಭಾನುವಾರವೇ. ತಾರೀಖು ಮಾತ್ರ ಒಂದು ಟೇಪು ಹಿಂದೆ.

"ಅಷ್ಟೇ ತಾನೇ" ಅಂದರು ಮಾವ. "ತಾರೀಖು ಅನ್ನೋದು ಗಿರಾಕಿ ಸಮಾಧಾನಕ್ಕೆ ಹೇಳೋದಮ್ಮ."

ನಗು ಬಂತು, ತಡೆದುಕೊಂಡೆ. ನಕ್ಕರೆ ಸದರ ಕೊಟ್ಟ ಹಾಗೆ.

ಮೇ 13, ಬುಧವಾರ

ಪರಿಹಾರ ಇದೆ. ರಿಸೀವರಿಗೂ ಗೋಡೆಯ ಮೇಲೆ ಕೆಂಪು ಅಂಕಿಯಲ್ಲಿ ಗಂಟೆ, ತಾರೀಖು ತೋರಿಸುವ ಗಡಿಯಾರಕ್ಕೂ ನಡುವೆ ಒಂದು ಚಿಕ್ಕ ಬೋರ್ಡು ಸಿಕ್ಕಿಸಿದರೆ ಅದು ಕಳೆದುಹೋದ ಟೇಪನ್ನು ಕೂಡಿಸಿ ಸರಿಯಾದ ತಾರೀಖು ತೋರಿಸುತ್ತದೆ. ಪ್ರೋಗ್ರಾಮನ್ನು ಎಡಗೈಯ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ಬೆಸುಗೆಗೆ ಮಾತ್ರ ಎರಡು ಕೈ ಬೇಕು. ಒಂದರಲ್ಲಿ ಕಾದ ಕಡ್ಡಿ, ಒಂದರಲ್ಲಿ ತವರದ ತಂತಿ.

ಬೇರೆ ದಾರಿ ಇಲ್ಲದೆ ಮಾವನನ್ನು ಕೂರಿಸಿಕೊಂಡೆ. ಎಪ್ಪತ್ತೆರಡರ ಕೈ, ನಡುಗುತ್ತದೋ ಏನೋ ಅಂದುಕೊಂಡಿದ್ದೆ. ಸೂಜಿಗೆ ದಾರ ಪೋಣಿಸಿದ ಕೈಗೆ ನಡುಕವೆಲ್ಲಿ ಬರಬೇಕು! ಮೊದಲ ಹತ್ತು ಬೆಸುಗೆ ಗೊಬ್ಬರ. ಹನ್ನೊಂದನೆಯದು ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಹಾಗೆ ಹೇಳಲಿಲ್ಲ. ಪರವಾಗಿಲ್ಲ ಅಂದೆ.

ಪರೀಕ್ಷೆಗೆಂದು ಆಂಟೆನಾವನ್ನು ಅವರ ಕಿಟಕಿಯ ಸಜ್ಜಾದ ಮೇಲೆ ಇಟ್ಟೆವು. ಅವರೇ ಬಗ್ಗಿ ಇಟ್ಟರು. ಹನ್ನೊಂದು ಉಪಗ್ರಹ! ಗೆರೆ ಇಸ್ತ್ರಿ ಹಾಕಿದ ಹಾಗೆ ಮಲಗಿತು. ಕುಣಿಯಬೇಕು ಅನ್ನಿಸಿತು. ಇರಲಿ ಬಿಡಮ್ಮ, ಅಲ್ಲೇ ಇರಲಿ, ನನಗೇನು ತೊಂದರೆ ಅಂದರು ಮಾವ. ಹೇಗೂ ಮುಂದಿನ ತಿಂಗಳು ನಿನ್ನದೇ ಕೋಣೆ ಅಂತಲೂ ಸೇರಿಸಿದರು. ಅದರಲ್ಲಿ ಕೊಂಕೇನೂ ಇರಲಿಲ್ಲ.

ಮೇ 14, ಗುರುವಾರ

ಹನ್ನೆರಡು ಉಪಗ್ರಹ. ಮಾವ ಹಾಕಿದ ಉಪ್ಪೂ ಸರಿಯಿತ್ತು.

ಮೇ 18, ಸೋಮವಾರ

ಉಪಗ್ರಹ ಸೊನ್ನೆ. ನಿನ್ನೆ ಸಂಜೆಯಿಂದ ಒಂದೂ ಇಲ್ಲ. ಕೇಬಲ್ ನೋಡಿದೆ, ಕನೆಕ್ಟರ್ ನೋಡಿದೆ, ವೋಲ್ಟೇಜ್ ನೋಡಿದೆ. ಗೋಡೆ ಗಡಿಯಾರ ಹಳೇ ನೆನಪಿನ ಮೇಲೆ ಓಡುತ್ತಿದೆ. ಜೂನ್ ಏಳು ಬರುವ ಮೊದಲೇ ಈ ಮುದಿ ಯಂತ್ರ ಪ್ರಾಣ ಬಿಟ್ಟಿತೇ?

ಮಾವ ಎರಡು ಸಲ ಏನೋ ಹೇಳಲು ಬಂದರು. ಈಗ ಬೇಡ ಅಂದೆ.

ಮೇ 20, ಬುಧವಾರ

ಸಿಕ್ಕಿತು. ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಅವರ ಕೋಣೆಗೆ ಹೋಗಿ ಕಿಟಕಿಯಿಂದ ಬಗ್ಗಿ ನೋಡಿದರೆ, ಆಂಟೆನಾಕ್ಕೆ ಒಂದು ಅಂಗಿ! ಅಳತೆಗೆ ಸರಿಯಾಗಿ, ಕೆಳಗೆ ಲಾಡಿ, ಕೇಬಲ್ ಬರಲು ಕಾಜಾ ಹೊಲಿದ ತೂತು. ಧೂಳು ಕೂರುತ್ತದೆ, ಹಕ್ಕಿ ಹೊಲಸು ಮಾಡುತ್ತದೆ ಅಂತ ಭಾನುವಾರ ಮಧ್ಯಾಹ್ನ ಹೊಲಿದು ತೊಡಿಸಿದ್ದಾರೆ. ಯಾವ ಬಟ್ಟೆ? ಬಿಸಿಲು ತಡೆಯುವ ಪರದೆಗೆ ಹಾಕುತ್ತಾರಲ್ಲ, ಆ ಬೆಳ್ಳಿ ಬಣ್ಣದ ಅಸ್ತರಿ. ಅದರ ಮೈಗೆಲ್ಲ ಅಲ್ಯೂಮಿನಿಯಂ. ಆಕಾಶದಿಂದ ಒಂದು ಪಿಸುಮಾತೂ ಒಳಗೆ ಬರದ ಹಾಗೆ ಆಂಟೆನಾದ ಬಾಯಿ, ಕಿವಿ ಎರಡನ್ನೂ ಹೊಲಿದುಬಿಟ್ಟಿದ್ದಾರೆ. ಬೇರೆ ಯಾವ ಬಟ್ಟೆ ಹಾಕಿದ್ದರೂ ನಡೆಯುತ್ತಿತ್ತು. ಇರುವುದರಲ್ಲಿ ಒಳ್ಳೆಯದು ಅಂತ ಅದನ್ನೇ ಆರಿಸಿದರಂತೆ.

ಕೂಗಾಡಿದೆ. ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡಿ ಅಂದೆ. ಇನ್ನು ಮೂರು ವಾರ, ಹೇಗೋ ಸುಮ್ಮನಿದ್ದು ಕಳೆದುಬಿಡಿ ಅಂತಲೂ ಅಂದೆ.

ಆಯ್ತಮ್ಮ ಅಂದರು. ಅಷ್ಟೇ. ಲಾಡಿ ಬಿಚ್ಚಿ ಅಂಗಿಯನ್ನು ಮಡಚಿ ಕಪಾಟಿನಲ್ಲಿಟ್ಟರು.

ಉಪಗ್ರಹಗಳು ವಾಪಸು ಬಂದವು. ಹನ್ನೊಂದು.

ಮೇ 21, ಗುರುವಾರ

ಮಾವ ತಟ್ಟೆ ತೆಗೆದುಕೊಂಡು ಹೋಗಿ ಕೋಣೆಯಲ್ಲೇ ಉಂಡರು. ನಾನು ನನ್ನ ಮೇಜಿನ ಹತ್ತಿರ. ಕೈ ತುರಿಸುತ್ತಿದೆ.

ಮೇ 24, ಭಾನುವಾರ

ಬೆಳಿಗ್ಗೆ ಸಾಮಾನು ಸಾಗಿಸುವ ಗಾಡಿಯವನು ಬಂದ. ಮಾವನೇ ಕರೆಸಿದ್ದಂತೆ. ಹೊಲಿಗೆ ಮೆಷಿನ್ನನ್ನು ಮೊದಲೇ ಮಗಳ ಮನೆಗೆ ಕಳಿಸಿಬಿಡುತ್ತೇನೆ, ಭಾರದ್ದು, ಕೊನೇ ಗಳಿಗೆಯಲ್ಲಿ ಅವಸರವಾಗುತ್ತದೆ ಅಂದರು. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಕೆಲಸವನ್ನು ಹೇಳಿದ ದಿನಕ್ಕಿಂತ ಮುಂಚೆ ಮಾಡಿದ್ದಾರೆ. ಗಾಡಿಯವನ ಹಿಂದೆ ಮೆಟ್ಟಿಲು ಇಳಿಯುತ್ತಾ, ಮೆಲ್ಲಗೆ, ಮೆಲ್ಲಗೆ ಅನ್ನುತ್ತಲೇ ಇದ್ದರು. ಅವರ ಮೊಣಕಾಲಿಗೆ ಆ ಮೆಟ್ಟಿಲು ಆಗುವುದಿಲ್ಲ.

ಒಳ್ಳೆಯದೇ ಆಯಿತು. ಮೆಷಿನ್ ಇಲ್ಲದಿದ್ದರೆ ಗುಡ್ಡೆ ಇಲ್ಲ. ಎರಡು ವರ್ಷದಿಂದ ಮನಸ್ಸಿನಲ್ಲೇ ಬಯಸಿದ್ದು ಇದನ್ನೇ ಅಲ್ಲವೇ.

ಮೇ 26, ಮಂಗಳವಾರ

ಗೆರೆ ನೆಟ್ಟಗಿದೆ. ಊಟವಾದ ಮೇಲೂ ನೆಟ್ಟಗಿದೆ. ಏನೋ ಕೆಟ್ಟಿದೆ ಅನ್ನಿಸಿ ರಿಸೀವರ್ ನೋಡಿದೆ, ಕೇಬಲ್ ಬಿಚ್ಚಿ ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಎಲ್ಲಾ ಸರಿಯಾಗಿಯೇ ಇದೆ. ಇಷ್ಟು ನೇರ ಗೆರೆಯನ್ನು ಗುಂಪಿನಲ್ಲಿ ಹಾಕಿದರೆ ಎಲ್ಲರ ಹೊಟ್ಟೆ ಉರಿಯುತ್ತದೆ. ಹಾಕೋಣ ಅಂತ ಕೂತೆ, ಯಾಕೋ ಮನಸ್ಸಾಗಲಿಲ್ಲ.

ಮಾವ ಕಿಟಕಿ ಹತ್ತಿರ ಕೂತಿದ್ದರು. ಕೈ ಎರಡೂ ತೊಡೆಯ ಮೇಲೆ. ಮಧ್ಯಾಹ್ನ ಈ ಮನೆ ಇಷ್ಟು ನಿಶ್ಶಬ್ದ ಅಂತ ಗೊತ್ತಿರಲಿಲ್ಲ.

ಮೇ 30, ಶನಿವಾರ

ನಮ್ಮವರ ಫೋನು, ಯಾವುದೋ ಬಂದರಿನಿಂದ. ಏನು, ನಿನಗೀಗ ಹಬ್ಬ, ಕಿಟಕಿ ಸಿಗುತ್ತದಲ್ಲ ಅಂತ ನಕ್ಕರು. ಫೋನು ಸ್ಪೀಕರಿನಲ್ಲಿತ್ತು, ಒಂದು ಕೈಯಲ್ಲವೇ ನನಗೆ. ಮಾವ ಅಲ್ಲೇ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಕೇಳದವರ ಹಾಗೆ ನಟಿಸಿದರೂ ಅಲ್ಲ. ಅವರಿಗೆ ಮೊದಲೇ ಗೊತ್ತಿತ್ತು ಅನ್ನುವ ಹಾಗಿತ್ತು.

ಫೋನಿಟ್ಟ ಮೇಲೆ ನಾನೇ ಹೋಗಿ ಎದುರಿಗೆ ಕೂತೆ. ಆಂಟೆನಾ ಮೇಲೆ ಹಕ್ಕಿ ಹೊಲಸು ಮಾಡಿದೆ ಮಾವ, ನೀವು ಹೇಳಿದ್ದು ಸರಿ, ಒಂದು ಅಂಗಿ ಬೇಕು, ಆದರೆ ಹತ್ತಿ ಬಟ್ಟೆಯದು ಅಂದೆ. ಹಕ್ಕಿ ಹೊಲಸು ಮಾಡಿರಲಿಲ್ಲ. ಇಷ್ಟು ಸುಳ್ಳು ನಡೆಯುತ್ತದೆ.

ಅವರು ಸೊಪ್ಪನ್ನು ಪಕ್ಕಕ್ಕಿಟ್ಟರು. ಮೆಷಿನ್ ಇಲ್ಲವಲ್ಲ, ಕೈಹೊಲಿಗೆ ಆಗಬಹುದಾ ಅಂದರು. ಆಗಬಹುದು ಅಂದೆ. ಯಾವಾಗ ಬೇಕು ಅಂದರು. ಮುಂದಿನ ವಾರ ಕೊಟ್ಟರೂ ನಡೆಯುತ್ತದೆ ಅಂದೆ. ಆಗ ನೋಡಬೇಕಿತ್ತು ಆ ಮುಖ! ಹತ್ತು ದಿನದಿಂದ ಊದಿದ್ದ ಮುಖದಲ್ಲಿ ನಗು ಬಂತು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು. ಬೋರ್ಡಿನ ಕೆಲಸ ನಿಂತಿತ್ತಲ್ಲ, ಅದಕ್ಕೇ ಇರಬೇಕು.

ಜೂನ್ 3, ಬುಧವಾರ

ಮಾವನ ಜೊತೆ ಬೋರ್ಡು ಕಟ್ಟುವುದೆಂದರೆ ಜೀವ ಹಿಂಡುವ ಕೆಲಸ. ಒಂದು ತಂತಿಗೆ ಅರ್ಧ ಗಂಟೆ. ಎಲ್ಲಾ ತಂತಿಯನ್ನೂ ಬೇಕಾದ್ದಕ್ಕಿಂತ ಉದ್ದ ಕತ್ತರಿಸಿ, ಹೆಚ್ಚಿನದನ್ನು ಒಳಗೆ ಅಚ್ಚುಕಟ್ಟಾಗಿ ಮಡಚಿ ದಾರ ಕಟ್ಟಿದ್ದಾರೆ. ಯಾಕೆ ಅಂದರೆ, ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಡುವುದಿಲ್ಲವೇ, ನಾಳೆ ಮೈ ತುಂಬಿಕೊಂಡರೆ ಬಿಚ್ಚಲು ಬೇಕಲ್ಲ ಅಂದರು. ತಂತಿ ದಪ್ಪ ಆಗುವುದಿಲ್ಲ ಮಾವ ಅಂದೆ. ನೀನು ಬೇರೆ ಏನಾದರೂ ಸೇರಿಸುತ್ತೀಯಲ್ಲ ಅಂದರು. ಅದೂ ನಿಜವೇ. ನಾನು ಯಾವ ಪೆಟ್ಟಿಗೆಯನ್ನು ಸುಮ್ಮನೆ ಬಿಟ್ಟಿದ್ದೇನೆ?

ಮಾತೂ ಬಹಳ. ಅತ್ತೆಯನ್ನು ಮೊದಲು ಕಂಡದ್ದು ಅಂಗಡಿಯಲ್ಲಂತೆ. ಕುಪ್ಪಸದ ಅಳತೆಗೆ ಬಂದವರಿಗೆ ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ ಅಂತ ಆರು ಸಲ ಬರಿಸಿದರಂತೆ. ಬಟ್ಟೆ ಮೊದಲ ವಾರವೇ ಹೊಲಿದಾಗಿತ್ತು. "ಕೊಟ್ಟುಬಿಟ್ಟರೆ ಮತ್ತೆ ಬರ್ತಿರಲಿಲ್ಲವಲ್ಲಮ್ಮ" ಅಂದರು. ಬೆಸುಗೆಯ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು.

ಈ ವೇಗದಲ್ಲಿ ಏಳನೇ ತಾರೀಖಿಗೆ ಬೋರ್ಡು ಆಗುವುದು ಕನಸಿನ ಮಾತು. ಮೊದಲಿನ ಹಾಗಿದ್ದರೆ ಚಡಪಡಿಸಿ ಸಾಯುತ್ತಿದ್ದೆ. ಕೈ ನೋವು ಕಡಿಮೆಯಾಗಿದೆಯಲ್ಲ, ಅದಕ್ಕೆ ಸಮಾಧಾನ ಬಂದಿದೆ.

ಜೂನ್ 7, ಭಾನುವಾರ

ಆಯಿತು. ಕಣ್ಣಾರೆ ಕಂಡೆವು.

ಬೆಳಿಗ್ಗೆ ಬೇಗ ಎದ್ದು ಇಬ್ಬರೂ ಕಾಫಿ ಲೋಟ ಹಿಡಿದು ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕೂತೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಯಾಕೆ ಅಂದರೆ, ಒಂದು ಟೇಪು ಮುಗಿಯುವ ದಿನ ಅಲ್ಲವೇ ಅಂದರು. ಗುಂಪಿನಲ್ಲಿ ಮೈಕ್ರೋ ಒಂದೊಂದೇ ನಿಮಿಷ ಎಣಿಸುತ್ತಿದ್ದ. ಹೊತ್ತು ಬಂತು. ಸೆಕೆಂಡು ತನ್ನ ಪಾಡಿಗೆ ಮುಂದಕ್ಕೆ ಹೋಯಿತು. ಭಾನುವಾರ ಭಾನುವಾರವಾಗಿಯೇ ಉಳಿಯಿತು. ಜೂನ್ 7 ಇದ್ದಲ್ಲಿ ಅಕ್ಟೋಬರ್ 22 ಬಂತು, ಹತ್ತೊಂಬತ್ತೂವರೆ ವರ್ಷ ಹಿಂದಿನದು. ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದ ಮನೆಯವರು ಎಂದಿನಂತೆ ನಲ್ಲಿ ಬಿಟ್ಟರು.

ಇಷ್ಟೇನಾ ಅಂದರು ಮಾವ. ಇಷ್ಟೇ ಅಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಅವರು ಲೆಕ್ಕ ಹಾಕಿದರು. ಆ ಅಕ್ಟೋಬರಿನಲ್ಲಿ ಅಂಗಡಿ ಇತ್ತು, ಅತ್ತೆ ಇದ್ದರು, ಮೊಣಕಾಲು ನೆಟ್ಟಗಿತ್ತು. ನಾನು ಆಗಿನ್ನೂ ಲ್ಯಾಬಿನಲ್ಲಿ ಮೇಣ ಕರಗಿಸುವುದನ್ನು ಕಲಿಯುತ್ತಿದ್ದೆ, ಈ ಮನೆಯ ಬಾಗಿಲನ್ನೂ ನೋಡಿರಲಿಲ್ಲ. ಆಗ ನೀನು ಬಂದಿರಲಿಲ್ಲ, ಅದೊಂದು ಕೊರತೆ ಆ ವರ್ಷಕ್ಕೆ ಅಂದುಬಿಟ್ಟು ಲೋಟ ತೊಳೆಯಲು ಹೋದರು.

ಜೂನ್ 9, ಮಂಗಳವಾರ

ನಿನ್ನೆ ಪ್ಲಾಸ್ಟರು ತೆಗೆದರು. ಒಳಗಿನಿಂದ ಬಂದ ಕೈ ಯಾರದೋ ಕೈಯ ಹಾಗೆ ಸಣ್ಣಗಾಗಿದೆ. ಇದು ಬಲಗೈಯ ಬರಹ. ಎಡಗೈಯದ್ದೇ ಪರವಾಗಿರಲಿಲ್ಲ.

ಇನ್ನು ನಾನೇ ಬೆಸುಗೆ ಹಾಕಬಹುದು. ಬೋರ್ಡಿನಲ್ಲಿ ನಾಲ್ಕೇ ತಂತಿ ಬಾಕಿ. ಕಡ್ಡಿ ಕಾಯಿಸಿದೆ. ಯಾಕೋ ಆರಿಸಿದೆ. ಮಣಿಕಟ್ಟಿಗೆ ಶ್ರಮ ಕೊಡಬೇಡಿ ಅಂದಿದ್ದಾರಲ್ಲ.

ಮಾವ ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದಾರೆ. ಅಂಗಿಗಳನ್ನು ಅಂಗಡಿಯಲ್ಲಿ ಮಡಚುತ್ತಿದ್ದ ಹಾಗೆಯೇ ಕಾಗದ ಇಟ್ಟು ಮಡಚುತ್ತಿದ್ದರು. ಆಂಟೆನಾದ ಹತ್ತಿ ಅಂಗಿ ಹೊಲಿದಾಗಿತ್ತು, ಕಪಾಟಿನಲ್ಲಿ ಕಂಡೆ. ಕೊಡಲಿಲ್ಲ. ಮುಂದಿನ ವಾರ ಅಂದರು. ಮುಂದಿನ ವಾರ ನೀವೆಲ್ಲಿರುತ್ತೀರಿ ಅಂತ ನಾಲಿಗೆ ತುದಿಗೆ ಬಂತು. ಕೇಳಿದರೆ ಅಳು ಬರುತ್ತಿತ್ತು.

ಬರೆದುಬಿಡುತ್ತೇನೆ. ನನಗೆ ಆ ಕಿಟಕಿ ಬೇಡ.

ಜೂನ್ 14, ಭಾನುವಾರ

ನಾದಿನಿ ಹತ್ತು ಗಂಟೆಗೇ ಬಂದಳು. ಬಾಗಿಲ ಹತ್ತಿರ ಪೆಟ್ಟಿಗೆ. ಮಾವ ಅದೇ ಇಸ್ತ್ರಿ ಅಂಗಿಯಲ್ಲಿ, ಕೊರಳಲ್ಲಿ ಟೇಪು. ಅದನ್ನು ತೆಗೆಯಲು ಮರೆತಿದ್ದರೋ, ಬಿಟ್ಟಿದ್ದರೋ.

ನಡೀರಿ ಅಪ್ಪ ಅಂದಳು ಅವಳು. ಯಾರೂ ಏಳಲಿಲ್ಲ. ನಾನು ರಾತ್ರಿಯೆಲ್ಲ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಕಣ್ಣಿಗೆ ಗೋಡೆ ಗಡಿಯಾರ ಬಿತ್ತು. ಬಾಯಿಗೆ ಬಂದದ್ದು ಇದು.

"ಇವತ್ತು ಯಾಕೆ ಬಂದೆ? ನೀನು ಹೇಳಿದ್ದು ಜೂನ್ ಹದಿನಾಲ್ಕು."

"ಇವತ್ತೇ ಅಲ್ವಾ ಅತ್ತಿಗೆ?"

ಗಡಿಯಾರ ತೋರಿಸಿದೆ. ಅಕ್ಟೋಬರ್ 29. ಈ ಮನೆಯಲ್ಲಿ ನೀನು ಹೇಳಿದ ವರ್ಷದ ಜೂನ್ ಹದಿನಾಲ್ಕು ಬರಲು ಇನ್ನೂ ಹತ್ತೊಂಬತ್ತು ವರ್ಷ ಚಿಲ್ಲರೆ ಇದೆ, ಆಗ ಬಾ ಅಂದೆ. ಮಾವ ಕೆಮ್ಮಿದರು, ಅದು ನಗು ಅಂತ ನನಗೆ ಗೊತ್ತು. ನಾದಿನಿ ನಗಲಿಲ್ಲ. ತಮಾಷೆ ಆಮೇಲೆ, ಗಾಡಿ ಕೆಳಗೆ ನಿಂತಿದೆ ಅಂದಳು.

ಅವಳು ಪೆಟ್ಟಿಗೆಗೆ ಕೈ ಹಾಕಿದ್ದೇ ತಡ, ನನ್ನ ತಮಾಷೆಯೆಲ್ಲ ಉದುರಿಹೋಯಿತು. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡೆ, ಮುರಿದ ಕೈಯಲ್ಲೇ.

"ಕರ್ಕೊಂಡು ಹೋಗಬೇಡ ಕಣೇ. ನನಗೆ ಮಾವ ಇಲ್ಲೇ ಬೇಕು."

ಅವಳು ಪೆಟ್ಟಿಗೆ ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತಳು, ನಾನು ಬಿದ್ದ ಅದೇ ಸ್ಟೂಲು. ನಿಮಗಿಬ್ಬರಿಗೂ ಆಗಿಬರುವುದಿಲ್ಲ ಅಂತ ಅಣ್ಣ ಹೇಳಿದ್ದಕ್ಕೇ ತಾನು ಕೋಣೆಗೆ ಬಣ್ಣ ಹೊಡೆಸಿದ್ದು ಅಂದಳು. ಮುಖ ಚಿಕ್ಕದಾಗಿತ್ತು ಪಾಪದ್ದು. ಅವಳಿಗೂ ಅಪ್ಪ ಬೇಕಲ್ಲ. ನಾನು ಬರೀ ನನ್ನ ಆಸೆ ನೋಡಿಕೊಂಡೆ ಅಂತ ಆಗ ಹೊಳೆಯಿತು. ಮೆಟ್ಟಿಲ ಮಾತೂ ಬಂತು. ದಿನಾ ಇಳಿಯಬೇಕಾಗಿಲ್ಲ, ಇಳಿಯುವ ದಿನ ನಾನು ಕೈ ಹಿಡಿಯುತ್ತೇನೆ ಅಂದೆ. ಕೊನೆಗೆ ಅವಳು ಅಪ್ಪನ ಕಡೆ ತಿರುಗಿ, ನೀವೇ ಹೇಳಿ, ಬರುತ್ತೀರೋ ಇಲ್ಲವೋ ಅಂದಳು.

ಮಾವ ಮಗಳ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟರು. ಕನ್ನಡಕದೊಳಗೆ ಕಣ್ಣು ಒದ್ದೆಯಾಗಿತ್ತು. ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ ಅಂದರು.

"ಮುಂದಿನ ವಾರ ಬರ್ತೀನಮ್ಮ."

ಆ ಅಂಗಡಿಯ ಮೇಜಿನ ಕೆಳಗೆ ಬಟ್ಟೆ ಚೂರಿನಲ್ಲಿ ಆಡಿ ಬೆಳೆದವಳು ಅವಳು. ಆ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲವೇ? ಒಂದು ಗಳಿಗೆ ಅಪ್ಪನ ಮುಖ ನೋಡಿದಳು, ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. ಅಳು ಮುಗಿದ ಮೇಲೆ, ಹಾಗಾದರೆ ಆ ಮೆಷಿನ್ನನ್ನು ನಾನೇನು ಮಾಡಲಿ, ನನಗೆ ಗುಂಡಿ ಹಾಕಲೂ ಬರುವುದಿಲ್ಲ ಅಂದಳು. ಊಟಕ್ಕೆ ನಿಲ್ಲಿಸಿಕೊಂಡೆವು. ಉಪ್ಪು ಕಡಿಮೆ ಅಂದಳು. ಮಾವನೂ ನಾನೂ ಮುಖ ಮುಖ ನೋಡಿಕೊಂಡೆವು.

ಅಕ್ಟೋಬರ್ 31, ಮಂಗಳವಾರ (ನಮ್ಮ ಗಡಿಯಾರದ ಪ್ರಕಾರ)

ಲ್ಯಾಬಿಗೆ ಹೋಗಿ ಬಂದೆ. ಹಲ್ಲಿನ ಒಂದು ಮೇಲ್ಸಾಲು ಮಾಡಿದೆ. ಕೈ ನಿಧಾನ, ಆದರೆ ಮರೆತಿಲ್ಲ.

ಬರುವಷ್ಟರಲ್ಲಿ ಹೊಲಿಗೆ ಮೆಷಿನ್ ವಾಪಸು ಬಂದು ಮಾವನ ಕಿಟಕಿಯ ಕೆಳಗೆ ಕೂತಿತ್ತು. ಆಂಟೆನಾಕ್ಕೆ ಹತ್ತಿ ಅಂಗಿ ಬಿದ್ದಿತ್ತು. ಹೇಳಿದ ವಾರವೇ ಕೊಟ್ಟಿದ್ದಾರೆ, ಊರಿಗೆ ಗೊತ್ತಾದರೆ ನಂಬುವುದಿಲ್ಲ.

ಬೋರ್ಡನ್ನೂ ಮುಗಿಸಿಬಿಟ್ಟಿದ್ದರು. ನಾಲ್ಕು ತಂತಿಗೂ ಮಡಿಕೆ, ದಾರ ಎಲ್ಲಾ ಇತ್ತು. ಕೈಯಲ್ಲಿ ಹಿಡಿದುಕೊಂಡು ಬಂದು ನಿಂತರು. ಇವತ್ತೇ ಕೂರಿಸೋಣವಾ, ತಾರೀಖು ಸರಿಹೋಗುತ್ತದೆ ಅಂದರು. ಗೋಡೆ ನೋಡಿದೆ. ಸೆಕೆಂಡು ಸರಿಯಿತ್ತು, ಮಂಗಳವಾರ ಸರಿಯಿತ್ತು.

ಅವಸರವೇನಿದೆ ಮಾವ, ಮುಂದಿನ ವಾರ ನೋಡೋಣ ಅಂದೆ.

ಅವರು ಬೋರ್ಡನ್ನು ಆ ಬೆಳ್ಳಿ ಅಂಗಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಕಾಫಿ ಕುಡಿದು ಮೆಷಿನ್ ಹಾಕಿದರು. ಗೆರೆಯ ಮೇಲೆ ಗುಡ್ಡೆ ಎದ್ದಿತು, ಸಾಕಷ್ಟು ದೊಡ್ಡದು. ಕೋಟಿನ ತೋಳಿರಬೇಕು.